ನಮ್ಮ ಹಡಗಿನ ಉದ್ದವೆಷ್ಟು?

ಬೆಂಗಳೂರಿಗೆ ಕಡಲಿಲ್ಲ. ಆದರೂ ಈ ಊರನ್ನು ಕಟ್ಟಿದ ಹಿರಿಯರಿಗೆ ಕಡಲಿನ ಮೇಲೆ ಅದೇನು ಮೋಹವಿದ್ದಿತೋ, ತಾವು ಕಟ್ಟಿಸಿದ ಕೆರೆಗಳಿಗೆ ಕೆಂಪಾಂಬುಧಿ, ಧರ್ಮಾಂಬುಧಿ ಎಂದು ಹೆಸರಿಟ್ಟರು. ಅಂಬುಧಿಯೆಂದರೆ ಸಮುದ್ರವೆಂದು ವಾಚಕರಿಗೆ ಹೇಳಬೇಕಾದುದಿಲ್ಲ. ಧರ್ಮಾಂಬುಧಿಯ ಜಾಗದಲ್ಲಿ ಈಗ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಿದೆ. ಕೆಂಪಾಂಬುಧಿ ಹೇಗೋ ಉಳಿದುಕೊಂಡಿದೆ. ಆ ಕೆರೆಗೆ ಬಹು ದೂರವಲ್ಲದ ಬಸವನಗುಡಿಯ ನಮ್ಮ ಬೀದಿಯಲ್ಲಿ ಹುಡುಗನೊಬ್ಬ ಯುದ್ಧನೌಕೆಗಳನ್ನು ಕಟ್ಟುತ್ತಾನೆ. ಯಾರೂ ಗಾಬರಿಯಾಗಬೇಕಾದುದಿಲ್ಲ, ಅವನ ಹಡಗಿನ ಉದ್ದ ಎರಡಡಿಗೆ ಸ್ವಲ್ಪ ಕಡಮೆ.

ಹುಡುಗ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ. ಎನ್.ಸಿ.ಸಿ.ಯ ನೌಕಾವಿಭಾಗಕ್ಕೆ ಸೇರಿದವನು. ಅಲ್ಲಿ ಹಡಗಿನ ಮಾದರಿಗಳನ್ನು ಮಾಡುವುದನ್ನು ಕಲಿಸುತ್ತಾರೆ, ಅದರಲ್ಲಿ ಸ್ಪರ್ಧೆಗಳೂ ಉಂಟು. ಹೀಗೆ ಹಿಡಿದ ಗೀಳು ಇವನನ್ನು ಬಿಡಲಿಲ್ಲ. ಹಿಂದಿನ ನವರಾತ್ರಿಯಲ್ಲಿ ಅವರ ಮನೆಗೆ ಗೊಂಬೆ ನೋಡಲು ಹೋಗಿದ್ದೆವು. ಪಟ್ಟದ ಗೊಂಬೆಗಳ ಕೆಳಗೆ, ದಿನಸಿ ಅಂಗಡಿಯ ಶೆಟ್ಟರ ಪಕ್ಕದಲ್ಲಿ, ಮೂರು ಕೂವೆಮರಗಳ ಒಂದು ಹಡಗು ನಿಂತಿದ್ದಿತು. 1805ರಲ್ಲಿ ಟ್ರಫಾಲ್ಗರಿನ ಕಾಳಗದಲ್ಲಿ ನೆಲ್ಸನ್ ಏರಿದ್ದ 'ವಿಕ್ಟರಿ' ಹಡಗು ಅದು. ಹೆಂಗಸರು ಸುಂಡಲು ತಿನ್ನುತ್ತ, "ಎಷ್ಟು ಚೆನ್ನಾಗಿದೆ!" ಎಂದರು. ನಾನು ಹತ್ತಿರ ಹೋಗಿ ನೋಡಿದೆ. ಒಂದೊಂದು ತೋಪಿನ ಕಿಂಡಿಗೂ ಬೇರೆ ಬೇರೆ ಮುಚ್ಚಳ. ಒಂದೊಂದು ಹಗ್ಗಕ್ಕೂ ಅದರ ದಪ್ಪಕ್ಕೆ ತಕ್ಕ ದಾರ.

ಅಳತೆಯ ಶಿಸ್ತು

ಈ ಕೆಲಸದ ಕಷ್ಟವೇನೆಂದು ಅಂದು ಅವನಿಂದಲೇ ತಿಳಿದುಕೊಂಡೆ. ಮೊದಲು ಒಂದು ಪ್ರಮಾಣವನ್ನು ಗೊತ್ತುಮಾಡಿಕೊಳ್ಳಬೇಕು. ಅವನು ಹಿಡಿದುದು ತೊಂಬತ್ತಾರರಲ್ಲಿ ಒಂದು ಪಾಲು; ಎಂದರೆ ನಿಜವಾದ ಹಡಗಿನ ಒಂದು ಅಡಿ ಮಾದರಿಯಲ್ಲಿ ಎಂಟನೆಯ ಒಂದು ಅಂಗುಲ. 'ವಿಕ್ಟರಿ'ಯ ತೋಪಿನ ಅಟ್ಟದ ಉದ್ದ 186 ಅಡಿ. ಮಾದರಿಯಲ್ಲಿ ಅದು 23 ಕಾಲು ಅಂಗುಲ. ಐದೂವರೆ ಅಡಿಯ ನಾವಿಕ ಮುಕ್ಕಾಲು ಅಂಗುಲಕ್ಕಿಂತ ಗಿಡ್ಡನಾಗುತ್ತಾನೆ. ಒಮ್ಮೆ ಪ್ರಮಾಣ ಗೊತ್ತಾಯಿತೆಂದರೆ ಮುಂದೆ ಯಾವ ಸ್ವಾತಂತ್ರ್ಯವೂ ಇಲ್ಲ. ಅಡಿಮರ, ಅದಕ್ಕೆ ಪಕ್ಕೆಲುಬುಗಳಂತೆ ಕೂಡುವ ಅಡ್ಡಮರಗಳು, ಅವುಗಳ ಮೇಲೆ ಹೊದಿಸುವ ಹಲಗೆಗಳು, ಎಲ್ಲವೂ ಅದೇ ಪ್ರಮಾಣಕ್ಕೆ ಬಗ್ಗಬೇಕು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆಮರದಲ್ಲಿ ತೆಳುವಾಗಿ ಸೀಳಿದ ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಬಾಗಿಸಿ, ಅಂಟಿಸಿ, ಉಪ್ಪುಕಾಗದದಿಂದ ಉಜ್ಜುತ್ತಾನೆ. ಒಂದು ಪಟ್ಟಿ ಕೂದಲೆಳೆಯಷ್ಟು ಹೆಚ್ಚಾದರೆ ಹತ್ತನೆಯ ಪಟ್ಟಿ ಕೂಡುವ ವೇಳೆಗೆ ಹಡಗು ಸೊಟ್ಟಗಾಗುತ್ತದೆ.

ಇದೆಲ್ಲ ಸಾಧ್ಯವಾದುದು ಇಂಗ್ಲಿಷರ ನೌಕಾಪಡೆಯವರು ತಮ್ಮ ಹಡಗುಗಳ ನಕ್ಷೆಗಳನ್ನು ಕಾಪಾಡಿಕೊಂಡು ಬಂದುದರಿಂದ. 1765ರಲ್ಲಿ ನೀರಿಗಿಳಿದ 'ವಿಕ್ಟರಿ' ಈಗಲೂ ಪೋರ್ಟ್ಸ್‌ಮತ್‌ನಲ್ಲಿದೆ. ಅದರ ಅಳತೆಯಲ್ಲಿ ಸಂಶಯ ಬಂದವನು ಕಾಗದವನ್ನು ನೋಡಬಹುದು, ಹಡಗನ್ನೂ ನೋಡಬಹುದು.

ಕೆಲವು ದಿನಗಳಾದ ಮೇಲೆ ಹುಡುಗ ನಮ್ಮ ಮನೆಗೆ ಬಂದ.

"ಮೇಷ್ಟ್ರೇ, ಈ ಸಲ ಇಂಗ್ಲಿಷರ ಹಡಗು ಬೇಡ. ನಮ್ಮದೇ ಒಂದು ಯುದ್ಧನೌಕೆ ಮಾಡೋಣ ಅಂತಿದೀನಿ. ಯಾವುದು ಮಾಡಲಿ?"

ಇಂತಹ ಪ್ರಶ್ನೆಗೆ ಕನ್ನಡದ ಅಧ್ಯಾಪಕನಾದವನು ತಡವರಿಸುವುದುಂಟೆ? "ಪುಲಕೇಶಿಯದು ಮಾಡಪ್ಪ" ಎಂದು ಕೂಡಲೆ ಹೇಳಿದೆ. ಐಹೊಳೆಯ ಶಾಸನದ ಕಥೆಯನ್ನು ಕಾಲು ಗಂಟೆ ವಿವರಿಸಿದೆ. ಅವನು ಶ್ರದ್ಧೆಯಿಂದ ಕೇಳಿದ. ಕೊನೆಗೆ ಜೇಬಿನಿಂದ ಒಂದು ಪುಟ್ಟ ಪುಸ್ತಕವನ್ನೂ ಪೆನ್ಸಿಲನ್ನೂ ತೆಗೆದು, "ಅದರ ಉದ್ದ ಎಷ್ಟು, ಮೇಷ್ಟ್ರೇ?" ಎಂದ.

ನಾನು ಸುಮ್ಮನಾದೆ.

ಮಾತಿನ ಹಡಗು

ಹದಿನೆಂಟು ವರ್ಷಗಳಿಂದ ತರಗತಿಯಲ್ಲಿ ಚಾಲುಕ್ಯರ ಪ್ರಸ್ತಾಪ ಬಂದಾಗಲೆಲ್ಲ ನಾನು ಪುಲಕೇಶಿಯ ನೌಕಾಬಲವನ್ನು ವರ್ಣಿಸಿದ್ದೇನೆ. ಐಹೊಳೆಯ ಮೇಗುಟಿ ಬಸದಿಯ ಗೋಡೆಯಲ್ಲಿ ಕ್ರಿ.ಶ. 634ರಲ್ಲಿ ರವಿಕೀರ್ತಿ ಬರೆದ ಪ್ರಶಸ್ತಿ ಸಂಸ್ಕೃತ ಕಾವ್ಯದ ದೃಷ್ಟಿಯಿಂದ ಉತ್ಕೃಷ್ಟವಾದುದು. ಪಡುವಣ ಕಡಲಿನ ಐಶ್ವರ್ಯದಂತಿದ್ದ ಪುರಿಯೆಂಬ ಪಟ್ಟಣವನ್ನು ಪುಲಕೇಶಿ ನೂರಾರು ನಾವೆಗಳಿಂದ ಮುತ್ತಿದನೆಂದು ಅದರಲ್ಲಿದೆ. ಆ ನಾವೆಗಳನ್ನು ಕವಿ ಮದಗಜಗಳಿಗೆ ಹೋಲಿಸುತ್ತಾನೆ. ಈ ಪುರಿ ಮುಂಬಯಿಯ ಬಳಿಯ ಘಾರಾಪುರಿ, ಎಂದರೆ ಎಲಿಫೆಂಟಾ ದ್ವೀಪವೆಂದು ಕೆಲವರು ಹೇಳುವರು; ರಾಜಾಪುರಿಯೆಂದು ಮತ್ತೆ ಕೆಲವರು. ಎಲ್ಲಿಯೇ ಇರಲಿ, ಬಾದಾಮಿಯ ಅರಸನು ಕಡಲಿನಲ್ಲಿ ಕಾದಿದನೆಂಬುದು ನಿಜ. ಅವನ ಚಿಕ್ಕಪ್ಪ ಮಂಗಲೇಶನೂ ಸಮುದ್ರದ ನಡುವಣ ರೇವತೀದ್ವೀಪವನ್ನು ಗೆದ್ದವನೇ.

ಆದರೆ ಆ ನಾವೆಗಳಿಗೆ ಎಷ್ಟು ಹುಟ್ಟುಗಳಿದ್ದವು? ಹಾಯಿ ಇದ್ದಿತೆ? ಹಲಗೆಗಳನ್ನು ಮೊಳೆಯಿಂದ ಬಡಿದಿದ್ದರೋ, ಹಗ್ಗದಿಂದ ಹೊಲಿದಿದ್ದರೋ? ಮದಗಜವೆಂಬ ಒಂದು ಉಪಮೆಯಿಂದ ಬಡಗಿ ಹಲಗೆ ಕೊಯ್ಯಲಾರ. ಕವಿಗೆ ಅಳತೆ ಬೇಕಿರಲಿಲ್ಲ, ಸಾಲದುದಕ್ಕೆ ಅದನ್ನು ಪಾಠ ಹೇಳಿದ ನನಗೂ ಬೇಕಾಗಿರಲಿಲ್ಲ. 'ಅಪಾರ ನೌಕಾಸೈನ್ಯ' ಎಂದು ಬೋರ್ಡಿನ ಮೇಲೆ ಬರೆದು ಮುಂದಿನ ಪ್ಯಾರಾಕ್ಕೆ ಹೋಗುವುದು ನಮಗೆ ಬಹಳ ಸುಲಭ. ಮಾದರಿ ಮಾಡುವವನಿಗೆ 'ಅಪಾರ' ಎಂಬುದು ಒಂದು ಅಳತೆಯಲ್ಲ.

ಕಲ್ಲಿನ ಹಡಗು

ನಾಚಿಕೆ ಒಳ್ಳೆಯ ಗುರು. ಮುಂದಿನ ಕೆಲವು ವಾರ ನಾನೂ ಹುಡುಗನೂ ಕೂಡಿ ಹುಡುಕಿದೆವು. ಶಬ್ದಗಳಲ್ಲಿ ಸಿಕ್ಕದುದು ಕಲ್ಲಿನಲ್ಲಿ ಸ್ವಲ್ಪಮಟ್ಟಿಗೆ ಸಿಕ್ಕಿತು. ನಮ್ಮ ನಾಡಿನಲ್ಲಿ ವೀರಗಲ್ಲಿಲ್ಲದ ಊರು ಕಡಮೆ. ಆದರೆ ಅವುಗಳ ಕಾಳಗ ಬಹುಮಟ್ಟಿಗೆ ನೆಲದ ಮೇಲಿನದು, ತುರು ಕಾಯ್ದು ಮಡಿದವರದು. ಕಡಲ ಕಾಳಗದ ವೀರಗಲ್ಲುಗಳನ್ನು ನೋಡಬೇಕಾದರೆ ಕೊಂಕಣದ ಕಡೆಗೆ ಹೋಗಬೇಕು. ಗೋವೆಯ ಕದಂಬರು ಕನ್ನಡದಲ್ಲಿ ಶಾಸನ ಬರೆಸಿದ ಅರಸರು, ಹಡಗುಗಳಿಂದ ಬಾಳಿದವರು. ಅವರ ಕಾಲದ, ಹಡಗಿನ ಕಾಳಗವನ್ನು ಕೊರೆದ ವೀರಗಲ್ಲು ಹಳೆ ಗೋವೆಯ ವಸ್ತುಸಂಗ್ರಹಾಲಯದಲ್ಲಿದೆ. ಅದಕ್ಕಿಂತಲೂ ವಿಸ್ತಾರವಾದವು ಮುಂಬಯಿಯ ಬೊರಿವಲಿಯ ಬಳಿ ಏಕ್ಸರ್ ಎಂಬಲ್ಲಿ ಸಾಲಾಗಿ ನಿಂತಿರುವ ಆರು ವೀರಗಲ್ಲುಗಳು. ಹದಿಮೂರನೆಯ ಶತಮಾನದಲ್ಲಿ ಸೇವುಣ ಮಹಾದೇವನಿಗೂ ಕೊಂಕಣದ ಶಿಲಾಹಾರ ಸೋಮೇಶ್ವರನಿಗೂ ನಡೆದ ಸಮುದ್ರಯುದ್ಧವೇ ಅಲ್ಲಿರುವುದೆಂದು ಕೆಲವು ವಿದ್ವಾಂಸರ ಊಹೆ. ಸೇವುಣರ ಶಾಸನಗಳಲ್ಲಿ ಕನ್ನಡದವು ಬಹಳವಾಗಿರುವುದರಿಂದ ಈ ಕಥೆಯಲ್ಲಿ ನಮಗೂ ಪಾಲುಂಟು.

ಏಕ್ಸರಿನ ಕಲ್ಲೊಂದರ ಮೇಲೆ ಎತ್ತರವಾದ ಮೂತಿಯ ಹಡಗುಗಳು ಕಾಳಗಕ್ಕೆ ನುಗ್ಗುತ್ತಿವೆ. ಒಂದೊಂದಕ್ಕೂ ಒಂದು ಕೂವೆಮರ. ಪಕ್ಕಕ್ಕೆ ಒಂಬತ್ತು ಹುಟ್ಟುಗಳು. 1882ರ ಠಾಣೆ ಜಿಲ್ಲೆಯ ಗೆಜೆಟಿಯರಿನಲ್ಲಿ ಇದರ ವರ್ಣನೆಯಿದೆ. ಹುಡುಗನ ಕಣ್ಣು ಮಿಂಚಿತು. ಒಂಬತ್ತು ಎಂಬುದು ಉಪಮೆಯಲ್ಲ, ಎಣಿಕೆ.

ಅವನು ಲೆಕ್ಕ ಹಾಕಿದ ಬಗೆಯನ್ನು ವಾಚಕರೂ ನೋಡಬೇಕು. ಹುಟ್ಟುಹಾಕುವವನು ಕೈ ಚಾಚಿ ಹಿಂದಕ್ಕೆ ಎಳೆಯಲು ಅವನಿಗೂ ಮುಂದಿನವನಿಗೂ ನಡುವೆ ಸುಮಾರು ಮೂರಡಿ ಜಾಗ ಬೇಕು. ಮನುಷ್ಯನ ತೋಳಿನ ಉದ್ದ ಎಲ್ಲ ದೇಶ ಕಾಲಗಳಲ್ಲೂ ಹೆಚ್ಚುಕಡಮೆ ಒಂದೇ ಆದುದರಿಂದ ಈ ಅಂತರ ಬಹಳ ಬದಲಾಗುವುದಿಲ್ಲ. ಒಂಬತ್ತು ಹುಟ್ಟುಗಳಿಗೆ 27 ಅಡಿ. ಹಿಂದೆ ಚುಕ್ಕಾಣಿಯವನಿಗೆ, ಮುಂದೆ ಮೇಲಕ್ಕೇರುವ ಮೂತಿಗೆ ಜಾಗ ಬಿಟ್ಟರೆ ಸುಮಾರು 45 ಅಡಿಯ ಹಡಗು. ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿಸಿದರೆ ಇಪ್ಪತ್ತೆರಡೂವರೆ ಅಂಗುಲ. ಗೊಂಬೆಯ ಮೆಟ್ಟಿಲಿಗೆ ಸರಿಯಾಗಿ ಕೂಡುತ್ತದೆ!

ಆದರೆ ಮರುದಿನವೇ ಅವನು ಸಪ್ಪಗೆ ಬಂದ. "ಮೇಷ್ಟ್ರೇ, ಒಂಬತ್ತೇ ಯಾಕೆ ಕೊರೆದ? ಕಲ್ಲಿನ ಅಗಲಕ್ಕೆ ಅಷ್ಟೇ ಹಿಡಿಸಿತು ಅಂತ ಇರಬಹುದಲ್ಲ?" ನಿಜ. ವೀರಗಲ್ಲಿನ ಶಿಲ್ಪಿಗೆ ಮುಖ್ಯನಾದವನು ಸತ್ತ ವೀರ. ಅವನು ಹಡಗಿನ ಅರ್ಧದಷ್ಟು ದೊಡ್ಡವನಾಗಿ ಕಂಡರೂ ನೋಡುವವರಿಗೆ ಬಾಧಕವಿಲ್ಲ. ಹಡಗು ಅವನು ನಿಲ್ಲುವುದಕ್ಕೊಂದು ಪೀಠ. ಆದುದರಿಂದ ಕಲ್ಲು ಹೇಳುವುದನ್ನು ಎರಡು ಪಾಲು ಮಾಡಬೇಕಾಯಿತು: ಶಿಲ್ಪಿ ಕಣ್ಣಾರೆ ಕಂಡು ಕೊರೆದುದು ಇಷ್ಟು, ಜಾಗಕ್ಕೆ ತಕ್ಕಂತೆ ಹೊಂದಿಸಿದುದು ಇಷ್ಟು. ಎತ್ತರವಾದ ಮೂತಿ, ಒಂದೇ ಕೂವೆಮರ, ಹುಟ್ಟುಗಳು ಸಾಲಾಗಿರುವುದು, ಇವು ಮೊದಲಿನ ಪಾಲಿಗೆ. ಹುಟ್ಟಿನ ಸಂಖ್ಯೆ ಎರಡನೆಯದಕ್ಕೆ ಹೋದರೂ ಹೋಗಬಹುದು. ಹುಡುಗ ತನ್ನ ಪುಟ್ಟ ಪುಸ್ತಕದಲ್ಲಿ ಎರಡು ಪಟ್ಟಿ ಬರೆದುಕೊಂಡ. ಚರಿತ್ರೆಯ ಆಧಾರಗಳನ್ನು ತೂಗುವುದನ್ನು ಕುರಿತು ನಾನು ಎಂ.ಎ. ತರಗತಿಯಲ್ಲಿ ಕೇಳಿದ ಉಪನ್ಯಾಸಗಳೆಲ್ಲಕ್ಕಿಂತ ಆ ಎರಡು ಪಟ್ಟಿಗಳು ಸ್ಪಷ್ಟವಾಗಿದ್ದುವು.

ಆಜ್ಞೆಯ ಹಡಗು

ಅಳತೆ ನಿಶ್ಚಯವಾಗಿ ಸಿಕ್ಕುವ ನೌಕೆ ಬೇಕಾದರೆ ಈಚಿನ ಕಾಲಕ್ಕೆ ಬರಬೇಕೆಂದು ನಾವು ಮೈಸೂರಿನ ಕಡೆಗೆ ತಿರುಗಿದೆವು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಕರಾವಳಿಯ ರೇವುಗಳು ಕೈಸೇರಿದುವು. ಹಡಗು ಕಟ್ಟಿಸುವ ಕೆಲಸವೂ ಆರಂಭವಾಯಿತು. 1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಬಳಿ ಅವನ ಹಡಗುಗಳ ಮೇಲೆ ಬಿದ್ದು ಸುಟ್ಟನು. ತಂದೆಯ ಆಸೆಯನ್ನು ಟಿಪ್ಪು ಮುಂದುವರಿಸಿದನು. 1796ರಲ್ಲಿ ಅವನು ಹೊರಡಿಸಿದ ನೌಕಾಪಡೆಯ ನಿಯಮಾವಳಿ ಒಂದು ಕೌತುಕದ ಪತ್ರ. ಮೀರ್ ಯಮ್ ಎಂಬ ಹನ್ನೊಂದು ಮಂದಿಯ ಮಂಡಲಿ. ಅವರ ಕೆಳಗೆ ಮೂವತ್ತು ಮಂದಿ ಮೀರ್ ಬಹರ್. ಕಟ್ಟಬೇಕಾದ ದೊಡ್ಡ ಹಡಗುಗಳು ನಲವತ್ತು. ಮಂಗಳೂರು, ಮಿರ್ಜಾನ್ ಮೊದಲಾದ ಕಡೆ ಹಡಗುಕಟ್ಟೆಗಳು. ದೊಡ್ಡವಕ್ಕೆ 72 ತೋಪುಗಳವರೆಗೆ ಇರಬೇಕು, ತಳಕ್ಕೆ ತಾಮ್ರದ ತಗಡು ಹೊದಿಸಬೇಕು. ಹಡಗುಗಳ ಮಾದರಿಯನ್ನು ಸುಲ್ತಾನನೇ ಒದಗಿಸಿದ್ದನು. ಈ ಕಾಗದಪತ್ರಗಳನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ಅನುವಾದಿಸಿ ಅಚ್ಚುಹಾಕಿಸಿದನು.

'ಮಾದರಿ' ಎಂಬ ಮಾತನ್ನು ಓದಿದಾಗ ಹುಡುಗ ಕುರ್ಚಿಯಿಂದ ಎದ್ದುನಿಂತ. ಕಡಲಿನಿಂದ ಅಷ್ಟು ದೂರದ ಶ್ರೀರಂಗಪಟ್ಟಣದಲ್ಲಿ ಕುಳಿತ ಅರಸನಿಗೆ ತನ್ನ ಮನಸ್ಸಿನಲ್ಲಿದ್ದ ಹಡಗನ್ನು ಘಟ್ಟದ ಕೆಳಗಿನ ಬಡಗಿಗಳಿಗೆ ತೋರಿಸಲು ಅದೊಂದೇ ದಾರಿ. ಹೇಳಿ ಕಳುಹಿಸಿದರೆ ಮಾತು ಕೆಡುತ್ತದೆ, ಮಾದರಿ ಕೆಡುವುದಿಲ್ಲ. ಆದರೆ ಮೂರು ವರ್ಷಗಳೊಳಗೆ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿದ್ದಿತು. ಆ ನಲವತ್ತು ಹಡಗುಗಳ ಪಡೆ ಕಡಲಿಗಿಳಿಯಲೇ ಇಲ್ಲ. ನಿಯಮಾವಳಿ ಉಳಿಯಿತು, ಕಣ್ಣೆದುರಿಗಿಟ್ಟುಕೊಂಡು ಕೆಲಸಮಾಡಲು ಮಾದರಿ ಮಾತ್ರ ಇಲ್ಲ.

ಒಂದು ಭಾನುವಾರ ನಾವಿಬ್ಬರೂ ಚಾಮರಾಜಪೇಟೆಯ ಕಡೆಯಿಂದ ನಡೆದು ಕೋಟೆಯ ಬಳಿಯ ಬೇಸಿಗೆಯ ಅರಮನೆಗೆ ಹೋದೆವು. 1781ರಲ್ಲಿ ಹೈದರ್ ಆರಂಭಿಸಿ 1791ರಲ್ಲಿ ಟಿಪ್ಪು ಮುಗಿಸಿದ ಕಟ್ಟಡ. ತೇಗದ ಕಂಬಗಳ ಸಾಲನ್ನೂ ಕಮಾನುಗಳನ್ನೂ ಹುಡುಗ ಬಹಳ ಹೊತ್ತು ನೋಡುತ್ತ ನಿಂತ. ನಾಡಿನಲ್ಲಿ ಮರಕ್ಕೂ ಕೊರತೆಯಿರಲಿಲ್ಲ, ಮರದ ಕೆಲಸ ಬಲ್ಲ ಕೈಗಳಿಗೂ ಕೊರತೆಯಿರಲಿಲ್ಲ. "72 ತೋಪು ಅಂದರೆ ಲೆಕ್ಕ ಹಾಕಬಹುದು ಮೇಷ್ಟ್ರೇ. ಆಗಿನ ಇಂಗ್ಲಿಷರ 74 ತೋಪಿನ ಹಡಗಿನ ಉದ್ದ ಸುಮಾರು 170 ಅಡಿ" ಎಂದ. ಸ್ವಲ್ಪ ಹೊತ್ತಿನ ಮೇಲೆ ಅವನೇ, "ಬೇಡ. ಅವರ ಹಡಗಿನ ಮೇಲೆ ನಮ್ಮ ಬಾವುಟ ಏರಿಸಿದ ಹಾಗೆ ಆಗುತ್ತೆ" ಎಂದ.

ಕಾಗದವೂ ಕೈಯೂ

ನಮ್ಮವರು ನಕ್ಷೆಗಳನ್ನು ಉಳಿಸಲಿಲ್ಲವೆಂದು ಬೈಯುವುದು ಸುಲಭ. ಆದರೆ ಹಡಗನ್ನು ಕಾಗದವಿಲ್ಲದೆ ಕಟ್ಟುವುದು ನಮ್ಮಲ್ಲಿ ಮಾತ್ರ ಇದ್ದ ಪದ್ಧತಿಯಲ್ಲ. ಸ್ವೀಡನ್ನಿನ ಅರಸನ 'ವಾಸಾ' ಎಂಬ ಯುದ್ಧನೌಕೆಯನ್ನೂ ಬಡಗಿಗಳು ಅನುಭವದ ಲೆಕ್ಕದಿಂದಲೇ ಕಟ್ಟಿದರು. 1628ರಲ್ಲಿ ಅದು ಮೊದಲ ಯಾತ್ರೆಯಲ್ಲೇ, ರೇವಿನ ಕಣ್ಣೆದುರಿಗೇ, ಮಗುಚಿ ಮುಳುಗಿತು. 1961ರಲ್ಲಿ ಅದನ್ನು ಮೇಲೆತ್ತಿದ ಮೇಲೆ ಅದರ ಮರಗಳನ್ನೇ ಅಳೆದು ನಕ್ಷೆ ಬರೆಯಬೇಕಾಯಿತು. ಈಗ ಸ್ಟಾಕ್‌ಹೋಮಿನಲ್ಲಿ ಆ ಹಡಗಿನ ಪಕ್ಕದಲ್ಲಿ ಹತ್ತರಲ್ಲಿ ಒಂದು ಪಾಲಿನ ಮಾದರಿಯೂ ಇದೆ.

ಕಾಗದಕ್ಕೆ ಎಷ್ಟು ಶಕ್ತಿಯುಂಟೆಂಬುದಕ್ಕೆ ಮುಂಬಯಿಯ ಉದಾಹರಣೆ ಸಾಕು. ಅಲ್ಲಿನ ಪಾರ್ಸಿ ವಾಡಿಯಾ ಮನೆತನದವರು ಇಂಗ್ಲಿಷ್ ನೌಕಾಪಡೆಗೆ ತೇಗದಿಂದ 'ಟ್ರಿಂಕೋಮಲೀ' ಎಂಬ ಯುದ್ಧನೌಕೆಯನ್ನು ಕಟ್ಟಬೇಕಾಗಿದ್ದಿತು. ಅದರ ನಕ್ಷೆಗಳನ್ನು ಹೊತ್ತು ಬರುತ್ತಿದ್ದ 'ಜಾವಾ' ಎಂಬ ಹಡಗನ್ನು 1812ರ ಡಿಸೆಂಬರಿನಲ್ಲಿ ಅಮೆರಿಕದವರು ನಾಶಮಾಡಿದರು. ಎರಡನೆಯ ಪ್ರತಿ ಬರುವವರೆಗೆ ಕಾಯಬೇಕಾಯಿತು. ಹಡಗು ನೀರಿಗಿಳಿದುದು 1817ರಲ್ಲಿ. ಆ ನಕ್ಷೆಯ ಮೂಲವಾದರೂ 1782ರಲ್ಲಿ ಇಂಗ್ಲಿಷರು ಫ್ರೆಂಚರಿಂದ ಹಿಡಿದ 'ಹೆಬೆ' ಎಂಬ ಹಡಗಿನ ಅಳತೆ. ಫ್ರೆಂಚರ ಆಕಾರ, ಇಂಗ್ಲಿಷರ ಕಾಗದ, ನಮ್ಮ ತೇಗ, ಪಾರ್ಸಿಗಳ ಕುಶಲತೆ! ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ಆ ಹಡಗು ಇಂದಿಗೂ ತೇಲುತ್ತಿದೆ.

ನಮ್ಮ ಕರಾವಳಿಯ ಹಡಗಿನ ಆಚಾರಿಗಳ ನಕ್ಷೆ ಇದ್ದುದು ಅವರ ಕೈಯಲ್ಲಿ. ಮಗನು ತಂದೆಯ ಪಕ್ಕದಲ್ಲಿ ನಿಂತು ಕಲಿಯುವವರೆಗೆ ಅದಕ್ಕೆ ಅಪಾಯವಿರಲಿಲ್ಲ. ಮಗನು ಬೇರೆ ಕಸುಬಿಗೆ ಹೋದ ದಿನ ಆ ಪುಸ್ತಕ ಮುಚ್ಚಿತು. ಇದರಲ್ಲಿ ಅಜ್ಞಾನದ ಮಾತಿಲ್ಲ. ಜ್ಞಾನವನ್ನು ಇಟ್ಟ ಪೆಟ್ಟಿಗೆಯ ಮಾತಿದೆ.

ಆ ಪೆಟ್ಟಿಗೆಯನ್ನು ಮತ್ತೆ ತೆರೆಯಬಹುದೆಂದು ಈಚೆಗೆ ಒಂದು ಪ್ರಯತ್ನ ತೋರಿಸಿದೆ. ಅಜಂತೆಯ ಚಿತ್ರವೊಂದರಲ್ಲಿರುವ ಐದನೆಯ ಶತಮಾನದ ಹಡಗನ್ನು ಆಧಾರವಾಗಿಟ್ಟುಕೊಂಡು, ಮೊಳೆಯಿಲ್ಲದೆ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದ ಹಡಗೊಂದನ್ನು ನಮ್ಮ ನೌಕಾಪಡೆಯವರು ಕಟ್ಟಿಸಿದರು. ಅದು ಯುದ್ಧನೌಕೆಯಲ್ಲ, ಆದರೂ ನಮ್ಮ ಹುಡುಗನ ಕಷ್ಟವೇ ಅವರಿಗೂ ಎದುರಾಯಿತು. ನಕ್ಷೆಯಿಲ್ಲ, ಇರುವುದು ಗೋಡೆಯ ಮೇಲಿನ ಒಂದು ಚಿತ್ರ. 2023ರ ಸೆಪ್ಟೆಂಬರಿನಲ್ಲಿ ಗೋವೆಯಲ್ಲಿ ಅಡಿಮರವನ್ನಿಟ್ಟರು. ಕೇರಳದ ಬಾಬು ಶಂಕರನ್ ಎಂಬ ಕುಶಲಿಯ ನೇತೃತ್ವದಲ್ಲಿ ಬಡಗಿಗಳು ಹೊಲಿದರು. ನೀರಿನಲ್ಲಿ ಅದರ ನಡತೆಯನ್ನು ತಿಳಿಯಲು ಮದ್ರಾಸಿನ ಐ.ಐ.ಟಿ.ಯಲ್ಲಿ ಮಾದರಿಯನ್ನಿಟ್ಟು ಪರೀಕ್ಷಿಸಿದರು. 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ಅದು 'ಕೌಂಡಿನ್ಯ' ಎಂಬ ಹೆಸರಿನಿಂದ ನೌಕಾಪಡೆಗೆ ಸೇರಿತು. ಅದೇ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು ಮುಂದಿನ ತಿಂಗಳು ಮಸ್ಕತ್ತನ್ನು ಮುಟ್ಟಿತು. ಹಾಯಿಯ ಮೇಲೆ ಗಂಡಭೇರುಂಡ, ಮೂತಿಯಲ್ಲಿ ಸಿಂಹಯಾಳಿ, ಹರಪ್ಪದ ರೀತಿಯ ಕಲ್ಲಿನ ಲಂಗರು. ಕನ್ನಡಿಗನಿಗೆ ಗಂಡಭೇರುಂಡವನ್ನು ಕಂಡು ಹಿಗ್ಗಾಗುವುದು ಸಹಜ. ಆದರೆ ಬೇರೆ ಬೇರೆ ಕಾಲಗಳ ಇಂತಹ ಅಲಂಕಾರಗಳು ಒಂದೇ ಹಡಗಿನಲ್ಲಿ ಕೂಡಿರುವಾಗ ಹಲಗೆ ಹೊಲಿದುದು ಯಾವ ಆಧಾರದಿಂದ, ಹಾಯಿ ಬಿಡಿಸಿದುದು ಯಾವ ಅಭಿಮಾನದಿಂದ ಎಂಬುದನ್ನು ನೋಡುವವರು ಬೇರ್ಪಡಿಸಿ ತಿಳಿಯಬೇಕು. ಅಭಿಮಾನ ತಪ್ಪಲ್ಲ; ಅದು ಆಧಾರದ ವೇಷ ಹಾಕಬಾರದು.

ಗೊಂಬೆಯ ಮೆಟ್ಟಿಲಿನ ಮೇಲೆ

ಹುಡುಗನಿಗೆ ಸುಲಭದ ದಾರಿಗಳಿದ್ದುವು. ಕಾರವಾರದ ಕಡಲತೀರದಲ್ಲಿ 2006ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿರುವ 'ಚಪಲ್' ಎಂಬ ಕ್ಷಿಪಣಿ ನೌಕೆಯನ್ನು ಅಂಗುಲ ಅಂಗುಲವಾಗಿ ಅಳೆದು ಮಾಡಬಹುದಾಗಿದ್ದಿತು. ಅವನು ಹಟ ಹಿಡಿದು ಏಕ್ಸರಿನ ಹಡಗನ್ನೇ ಮಾಡಿದ.

ಈ ಸಲದ ಗೊಂಬೆಯಲ್ಲಿ ಅದನ್ನು ನೋಡಿದೆ. ಎತ್ತರವಾದ ಮೂತಿ, ಒಂದು ಕೂವೆಮರ, ಮೈಯ ಹೊರಗಿನ ಬಾಗು, ಇಷ್ಟನ್ನು ನುಣ್ಣಗೆ ಉಜ್ಜಿ ಎಣ್ಣೆ ಹಚ್ಚಿದ್ದ. ಹುಟ್ಟುಗಳು ಪಕ್ಕಕ್ಕೆ ಒಂಬತ್ತು, ಅವಕ್ಕೆ ಎಣ್ಣೆಯಿಲ್ಲ. ಒಳಗಿನ ಅಟ್ಟ, ಹಲಗೆಗಳ ಬೆಸುಗೆ, ಹಗ್ಗದ ಕಟ್ಟುಗಳು ಎಲ್ಲವೂ ಹಸಿಮರದ ಬಣ್ಣದಲ್ಲೇ ಇದ್ದುವು. ಪಕ್ಕದಲ್ಲಿ ಒಂದು ಚೀಟಿ: 'ಎಣ್ಣೆ ಹಚ್ಚಿದುದು ಕಲ್ಲಿನಲ್ಲಿದೆ. ಹಚ್ಚದುದು ನಮ್ಮ ಊಹೆ.'

ಹಿಂದಿನ ವರ್ಷದ ಹಡಗಿನಷ್ಟು ಇದು ಜನರನ್ನು ಸೆಳೆಯಲಿಲ್ಲವೆಂದು ಹೇಳಬೇಕು. ಎದುರು ಮನೆಯ ಅಜ್ಜಿ ಕನ್ನಡಕವನ್ನು ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು.

"ಇದೇನಪ್ಪಾ, ಅರ್ಧಕ್ಕೇ ಬಿಟ್ಟಿದೀಯ? ಹಬ್ಬದ ಹೊತ್ತಿಗೆ ಮುಗಿಯಲಿಲ್ಲವೆ?"

"ಮುಗೀತು ಅಜ್ಜಿ. ನಮಗೆ ಗೊತ್ತಿರೋದು ಅಷ್ಟೇ."

ಅಜ್ಜಿ ತಲೆಯಾಡಿಸಿ ಸುಂಡಲಿನ ಪೊಟ್ಟಣವನ್ನು ತೆಗೆದುಕೊಂಡು ಹೊರಟರು. ನಾನು ಮನೆಗೆ ಬಂದು ಮರುದಿನದ ಪಾಠದ ಟಿಪ್ಪಣಿಗಳನ್ನು ತೆಗೆದೆ. ಚಾಲುಕ್ಯರ ಪುಟದಲ್ಲಿ, ಹದಿನೆಂಟು ವರ್ಷಗಳ ಹಿಂದಿನ ನನ್ನ ಅಕ್ಷರದಲ್ಲಿ, 'ಅಪಾರ ನೌಕಾಸೈನ್ಯ' ಎಂದಿದ್ದಿತು. ಅದನ್ನು ಹೊಡೆದುಹಾಕಿ, 'ನೂರಾರು ನಾವೆಗಳು ಎಂದು ರವಿಕೀರ್ತಿ ಹೇಳುತ್ತಾನೆ; ಅವುಗಳ ಅಳತೆ ಹೇಳುವುದಿಲ್ಲ' ಎಂದು ಬರೆದುಕೊಂಡೆ.